ಸಹನೆಯ ಎಲ್ಲೆ

ಇಳಕಲ್ಲಿನ ಕೈಮಗ್ಗದ ಮುಂದೆ ಕುಳಿತ ನೇಕಾರನು ಹಾಸಿನ ಒಂದು ಎಳೆ ಕಡಿದರೆ ಸಾಕು, ಲಾಳಿಯನ್ನು ನಿಲ್ಲಿಸುತ್ತಾನೆ. ಸಾವಿರಾರು ಎಳೆಗಳಲ್ಲಿ ಅದೊಂದು. ಅನ್ಯರ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಣ್ಣದು. ಆದರೂ ಅವನು ಅದನ್ನು ಹುಡುಕಿ, ಗಂಟು ಹಾಕಿ, ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ, ಅನಂತರವೇ ಮುಂದಿನ ಹೊಕ್ಕನ್ನು ಹಾಕುತ್ತಾನೆ. ಹಾಗೆ ಮಾಡದಿದ್ದರೆ ಆ ಒಂದು ಎಳೆಯ ದೋಷವು ಸೀರೆಯ ಉದ್ದಕ್ಕೂ ಗೀರಾಗಿ ಓಡುವುದೆಂಬುದನ್ನು ಅವನು ಬಾಲ್ಯದಲ್ಲಿಯೇ ಮನೆಯ ಹಿರಿಯರಿಂದ ಕಲಿತಿರುತ್ತಾನೆ. ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಕೊಂಡಿ ಕೊಂಡಿಯಾಗಿ ಕೂಡಿಸಿ ನೇಯುವ ಆ ಊರಿನ ಸೀರೆಯಲ್ಲಂತೂ ಎಳೆಯ ಕಡೆಗೆ ಲಕ್ಷ್ಯವಿಲ್ಲದವನು ನೇಕಾರನೆನ್ನಿಸಿಕೊಳ್ಳಲಾರನು.

ಇಂಥ ನೇಕಾರನಿಗೆ ಒಂದು ದಿನ ಮಧ್ಯಾಹ್ನದಲ್ಲಿ ಎದೆಯ ನಡುವೆ ಯಾರೋ ಕಲ್ಲನ್ನಿಟ್ಟಂತೆ ಭಾರವಾಯಿತೆಂದು ಭಾವಿಸಿರಿ. ಭಾರವು ಎಡದ ತೋಳಿಗೆ ಇಳಿಯಿತು. ಗದ್ದದ ಕೆಳಗೆ ಏನೋ ಹಿಡಿದಂತಾಯಿತು. ಸೆಕೆಯಿಲ್ಲದಿದ್ದರೂ ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿತು. ಒಂದು ಎಳೆಗಾಗಿ ಮಗ್ಗವನ್ನು ನಿಲ್ಲಿಸಿದವನು ಇದಕ್ಕಾಗಿ ನಿಲ್ಲಿಸುವುದಿಲ್ಲ. ಕೈಯನ್ನು ಎರಡು ಸಲ ಕೊಡವಿ, ತಂಬಿಗೆಯ ನೀರನ್ನು ಕುಡಿದು, ಮತ್ತೆ ಕುಳಿತುಕೊಳ್ಳುತ್ತಾನೆ. ಮಡದಿಯು ಬಾಗಿಲಲ್ಲಿ ನಿಂತು, "ಯಾಕ್ರೀ, ಮೈಯಾಗ ಆರಾಮಿಲ್ಲೇನ್ರೀ?" ಎಂದು ಕೇಳಿದರೆ, "ಏನಿಲ್ಲ, ವಾಯು ಆಗೇತಿ, ನೀ ಒಳಗ ಹೋಗು" ಎಂಬ ಉತ್ತರ ಬರುತ್ತದೆ. ಈ ಉತ್ತರವು ಇಳಕಲ್ಲಿನದು ಮಾತ್ರವಲ್ಲ. ಬಾಗಲಕೋಟೆಯ ಅಡತಿಯಲ್ಲಿಯೂ, ಹುನಗುಂದದ ಎರೆಹೊಲದಲ್ಲಿಯೂ, ಬಾದಾಮಿಯ ಶಾಲೆಯ ಕೋಣೆಯಲ್ಲಿಯೂ ಇದೇ ಮಾತು ಇದೇ ಧಾಟಿಯಲ್ಲಿ ಹೊರಡುತ್ತದೆ.

ಇಲ್ಲಿ ವಿಚಾರಕ್ಕೆ ತಕ್ಕ ಪ್ರಶ್ನೆಯೊಂದಿದೆ. ನೋವನ್ನು ನುಂಗಿಕೊಳ್ಳುವವನನ್ನು ಲೋಕವು ಹೊಗಳುತ್ತದೆ. 'ಗಟ್ಟಿ ಜೀವ' ಎನ್ನುತ್ತದೆ. 'ಒಂದು ದಿನ ಹಾಸಿಗೆ ಹಿಡಿದವರಲ್ಲ' ಎಂದು ಸತ್ತ ಮೇಲೆಯೂ ಕೊಂಡಾಡುತ್ತದೆ. ಈ ಹೊಗಳಿಕೆಗೆ ಕಾರಣವಿಲ್ಲದಿಲ್ಲ. ಮಳೆಯನ್ನು ನಂಬಿ ಬಿತ್ತಿ, ಮಳೆ ಬಾರದಾಗ ಬರವನ್ನು ಉಂಡು ಬದುಕಿದ ಸೀಮೆಯಿದು. ಮುಳ್ಳು ಚುಚ್ಚಿದಾಗಲೆಲ್ಲ ಕೂಗುವವನು ಇಲ್ಲಿ ಸಂಸಾರವನ್ನು ಸಾಗಿಸಲಾರನು. ಕಷ್ಟವನ್ನು ತಾಳುವ ಶಕ್ತಿಯು ಇಲ್ಲಿಯ ಜನರಿಗೆ ಒಡವೆಯಂತೆ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಅದನ್ನು ಹಗುರಾಗಿ ಕಾಣುವುದು ಸಲ್ಲದು. ಆದರೆ ಯಾವ ಗುಣಕ್ಕೂ ಒಂದು ಎಲ್ಲೆಯುಂಟು. ಸಹನೆಯು ಯಾವ ಕ್ಷಣದಲ್ಲಿ ಸಹನೆಯಾಗಿರದೆ ಬೇರೆಯೇನೋ ಆಗುತ್ತದೆ? ತನ್ನ ನೋವು ತನ್ನದೆಂಬ ಮಾತು ಎಷ್ಟರ ಮಟ್ಟಿಗೆ ನಿಜ?

ಬಾದಾಮಿಯ ಗುಡ್ಡವು ಈ ಪ್ರಶ್ನೆಗೆ ಒಳ್ಳೆಯ ಸ್ಥಳ. ಅಲ್ಲಿಯ ನಾಲ್ಕು ಗುಹೆಗಳಲ್ಲಿ ಮೂರನೆಯದು ಚಾಲುಕ್ಯ ಮಂಗಲೇಶನು ಮಾಡಿಸಿದುದು. ಅದರ ಶಾಸನದ ಕಾಲವು ಕ್ರಿ. ಶ. 578. ಅದಕ್ಕೂ ಮೇಲೆ, ಮೆಟ್ಟಿಲುಗಳ ಕೊನೆಯಲ್ಲಿ, ಜೈನ ಗುಹೆಯಿದೆ. ಬನಶಂಕರಿಯ ಜಾತ್ರೆಗೆಂದು ಹುನಗುಂದದ ಕಡೆಯಿಂದ ಬಂದ ಕುಟುಂಬವೊಂದು ಊಟ ಮುಗಿಸಿ ಈ ಮೆಟ್ಟಿಲುಗಳನ್ನು ಹತ್ತುತ್ತಿದೆಯೆಂದು ಎಣಿಸಿರಿ. ಮನೆಯ ಹಿರಿಯರು ಎರಡನೆಯ ಗುಹೆಯವರೆಗೆ ಮಾತನಾಡುತ್ತ ಬಂದರು. ಆಮೇಲೆ ಮಾತು ನಿಂತಿತು. ಹತ್ತು ಮೆಟ್ಟಿಲು ಏರಿ, ಕೆರೆಯನ್ನು ನೋಡುವ ನೆಪದಿಂದ ಗೋಡೆಗೆ ಕೈಯೂರಿ ನಿಂತರು. ಎದೆಯಲ್ಲಿ ಹಿಡಿದುಕೊಂಡದ್ದು ಎರಡು ಮೂರು ನಿಮಿಷಗಳಲ್ಲಿ ತಾನಾಗಿ ಬಿಟ್ಟಿತು. ಅಗಸ್ತ್ಯತೀರ್ಥದ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಆಚೆಯ ದಡದಲ್ಲಿ ಭೂತನಾಥನ ಗುಡಿಯು ಕಾಣುತ್ತಿತ್ತು. ನೋಡಲು ತಕ್ಕ ನೋಟವೇ ಆದುದರಿಂದ ಯಾರಿಗೂ ಸಂಶಯ ಬರಲಿಲ್ಲ.

ಲಂಡನ್ನಿನ ವೈದ್ಯನಾದ ವಿಲಿಯಂ ಹೆಬರ್ಡನ್ ಎಂಬವನು 1768ರಲ್ಲಿ ತನ್ನ ಜೊತೆಗಾರ ವೈದ್ಯರ ಮುಂದೆ ಓದಿ, 1772ರಲ್ಲಿ ಅಚ್ಚಾದ ಒಂದು ಸಣ್ಣ ಲೇಖನದಲ್ಲಿ ಬಾದಾಮಿಯ ಈ ಮೆಟ್ಟಿಲನ್ನು ಕಂಡವನಂತೆಯೇ ವರ್ಣಿಸಿದ್ದಾನೆ. ಈ ವ್ಯಾಧಿಯುಳ್ಳವರು ನಡೆಯುವಾಗ, ಅದರಲ್ಲಿಯೂ ಏರನ್ನು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿಗೆ, ಎದೆಯಲ್ಲಿ ಪ್ರಾಣವೇ ಹೋದಂಥ ಬಿಗಿತವನ್ನು ಅನುಭವಿಸುವರೆಂದೂ, ನಿಂತ ಕೂಡಲೆ ಅದೆಲ್ಲವೂ ಮಾಯವಾಗುವುದೆಂದೂ, ಮಿಕ್ಕ ವೇಳೆಯಲ್ಲಿ ಅವರು ಪೂರ್ಣ ಆರೋಗ್ಯವಂತರಂತೆ ಕಾಣುವರೆಂದೂ ಅವನು ಬರೆದನು. ರೋಗವು ಬಲಿತ ಮೇಲೆ ಅದು ನಿಂತರೂ ಬಿಡದು, ಮಲಗಿದ್ದಾಗಲೂ ಬಂದು ಎಬ್ಬಿಸುತ್ತದೆ ಎಂಬುದನ್ನೂ ಅವನು ಗಮನಿಸಿದ್ದನು. ಇದಕ್ಕೆ 'ಎದೆಯ ಬಿಗಿತ' ಎಂಬರ್ಥದ ಲ್ಯಾಟಿನ್ ಹೆಸರನ್ನು ಅವನೇ ಇಟ್ಟನು. ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ನಾಳಗಳು ಒಳಗಿನಿಂದ ಸಂಕುಚಿತವಾದಾಗ, ಸುಮ್ಮನಿರುವಾಗ ಸಾಲುವ ರಕ್ತವು ಶ್ರಮದಲ್ಲಿ ಸಾಲದೆ ಹೋಗುವುದೇ ಆ ಬಿಗಿತವೆಂಬುದು ಅವನಿಗೆ ತಿಳಿದಿರಲಿಲ್ಲ. ಆದರೆ ನಿಂತ ಕೂಡಲೆ ಮಾಯವಾಗುವ ನೋವು ನೋವೇ ಅಲ್ಲವೆಂದು ಅವನು ಭ್ರಮಿಸಲಿಲ್ಲ. ಆ ಭ್ರಮೆಯೇ ಬಾದಾಮಿಯ ಗೋಡೆಗೆ ಕೈಯೂರಿದ ಹಿರಿಯರದು. ಬಿಟ್ಟಿತಲ್ಲ ಎಂದು ಅವರು ಸಮಾಧಾನಪಡುತ್ತಾರೆ. ನಿಂತಾಗ ಬಿಡುವುದೇ ಅದರ ಗುರುತು.

ಮೇಲಿನ ಗುಹೆಯಲ್ಲಿ ಅವರಿಗಾಗಿ ಬಾಹುಬಲಿಯು ನಿಂತಿದ್ದಾನೆ. ಕಾಲಿಗೂ ತೋಳಿಗೂ ಬಳ್ಳಿ ಹಬ್ಬಿದೆ. ಮುಖದಲ್ಲಿ ಮಾತ್ರ ಯಾವ ವಿಕಾರವೂ ಇಲ್ಲ. ಕನ್ನಡ ನಾಡಿನಲ್ಲಿ ಸಹನೆಗೆ ಇದಕ್ಕಿಂತ ಹಿರಿದಾದ ಮೂರ್ತಿ ಬೇರೊಂದಿಲ್ಲ. ನೋವನ್ನು ಮುಚ್ಚಿಡುವವರು ತಮ್ಮನ್ನು ಅರಿವಿಲ್ಲದೆ ಈ ಮೂರ್ತಿಗೆ ಹೋಲಿಸಿಕೊಳ್ಳುವರೇನೋ! ಆದರೆ ಎರಡಕ್ಕೂ ಅಂತರವಿದೆ. ಬಾಹುಬಲಿಯು ರಾಜ್ಯವನ್ನು ಬಿಟ್ಟು ಬಂದವನು. ತನ್ನ ದೇಹವನ್ನು ಯಾವ ಉದ್ದೇಶಕ್ಕೆ ಒಪ್ಪಿಸಿದ್ದೇನೆಂಬುದನ್ನು ಬಲ್ಲವನು. ಗೃಹಸ್ಥನು ಏನನ್ನೂ ಬಿಟ್ಟು ಬಂದಿಲ್ಲ. ಅವನ ದೇಹದ ಮೇಲೆ ಮಡದಿಯ ಋಣ, ಮಕ್ಕಳ ಋಣ, ಸಾಲ ಕೊಟ್ಟವನ ಋಣ ಎಲ್ಲವೂ ಇವೆ. ಅದೂ ಅಲ್ಲದೆ, ಬಾಹುಬಲಿಯ ಕಥೆಯಲ್ಲಿಯೇ ಒಂದು ಸೂಕ್ಷ್ಮವಿದೆ. ಒಂದು ವರ್ಷ ಅಲುಗದೆ ನಿಂತರೂ ಅವನಿಗೆ ಕೇವಲಜ್ಞಾನವು ಉಂಟಾಗಲಿಲ್ಲ. ತನ್ನಿಂದ ಅಣ್ಣನಾದ ಭರತನಿಗೆ ಕ್ಲೇಶವಾಯಿತೆಂಬ ಅಳಲು ಹೃದಯದಲ್ಲಿ ಉಳಿದಿತ್ತೆಂದೂ, ಭರತನೇ ಬಂದು ಪೂಜಿಸಿದ ಮೇಲೆ ಅದು ಕಳೆಯಿತೆಂದೂ ಜಿನಸೇನರ ಪರಂಪರೆಯು ಹೇಳುತ್ತದೆ. ಅಷ್ಟು ದೊಡ್ಡ ತಪಸ್ವಿಯ ಎದೆಯ ಮುಳ್ಳು ಕೂಡ ಒಬ್ಬನೇ ನಿಂತಿರುವುದರಿಂದ ಹೋಗಲಿಲ್ಲ. ಇನ್ನೊಬ್ಬರು ಹತ್ತಿರಕ್ಕೆ ಬರಬೇಕಾಯಿತು.

ನೋವಿನ ವಿಷಯದಲ್ಲಿ ಮೌನವು ಎಲ್ಲ ಕಾಲಕ್ಕೂ ತಪ್ಪಾಗಿತ್ತೆಂದು ಹೇಳಲಾಗದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿಯು ಇದಕ್ಕೆ ಸಾಕ್ಷಿ. ಸಿಡುಬಿನ ದಾಕಿನಿಂದ ಮುಂದೆ ಲೋಕಪ್ರಸಿದ್ಧನಾದ ಎಡ್ವರ್ಡ್ ಜೆನ್ನರನು ಜಾನ್ ಹಂಟರ್ ಎಂಬ ಮಹಾ ಶಸ್ತ್ರವೈದ್ಯನ ಶಿಷ್ಯ. ಎದೆಯ ಬಿಗಿತದಿಂದ ಸತ್ತವರ ಶವಗಳನ್ನು ಪರೀಕ್ಷಿಸಿದ ಜೆನ್ನರನಿಗೆ ಹೃದಯದ ನಾಳಗಳು ಗಟ್ಟಿಯಾಗಿರುವುದು ಕಂಡುಬಂದಿತು. ಅದೇ ಬಿಗಿತವು ತನ್ನ ಗುರುವನ್ನೂ ಕಾಡುತ್ತಿದೆಯೆಂಬುದನ್ನು ಅವನು ಅರಿತಿದ್ದನು. ತಾನು ಕಂಡದ್ದನ್ನು ಪ್ರಕಟಿಸಿದರೆ ಗುರುವು ಓದಿ ತನ್ನ ಅಂತ್ಯವನ್ನು ತಿಳಿದುಕೊಳ್ಳುವನೆಂದು ಜೆನ್ನರನು ಅದನ್ನು ಅಚ್ಚು ಮಾಡಿಸದೆ ತಡೆದನು. 1793ರ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದವಾಗಿ, ಕೋಪವನ್ನು ಅದುಮಿಕೊಂಡು ಪಕ್ಕದ ಕೋಣೆಗೆ ಹೋದ ಹಂಟರನು ಅಲ್ಲಿಯೇ ಕುಸಿದು ಸತ್ತನು. ಶವಪರೀಕ್ಷೆಯಲ್ಲಿ ಶಿಷ್ಯನ ಊಹೆಯು ನಿಜವಾಯಿತು.

ಜೆನ್ನರನು ಮಾಡಿದ್ದು ತಪ್ಪೇ? ಅಲ್ಲವೆನ್ನಬೇಕು. ಆಗ ತಿಳಿದುಕೊಂಡು ಮಾಡುವುದೇನೂ ಇರಲಿಲ್ಲ. ಉಪಾಯವಿಲ್ಲದ ಕಡೆ ಮೌನವು ದಯೆಯಾಗಬಹುದು. ತಾಳ್ಮೆಯು ಮನುಷ್ಯನಿಗೆ ಉಳಿದ ಏಕಮಾತ್ರ ಗೌರವವಾಗಬಹುದು. ಆದರೆ ಕಾಲವು ಅಲ್ಲಿಯೇ ನಿಲ್ಲಲಿಲ್ಲ. 1912ರಲ್ಲಿ ಚಿಕಾಗೋದ ಜೇಮ್ಸ್ ಹೆರಿಕ್ ಎಂಬ ವೈದ್ಯನು ಹೃದಯದ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿದರೂ ರೋಗಿಯು ತತ್‌ಕ್ಷಣ ಸಾಯಲೇಬೇಕೆಂದಿಲ್ಲ, ಬದುಕಿರುವಾಗಲೇ ಅದನ್ನು ಗುರುತಿಸಬಹುದೆಂದು ತೋರಿಸಿದನು. 1977ರಲ್ಲಿ ಜ್ಯೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬವನು ಇಕ್ಕಟ್ಟಾದ ನಾಳವನ್ನು ಎದೆ ಸೀಳದೆ, ಸಣ್ಣ ಪುಗ್ಗೆಯೊಂದನ್ನು ಒಳಗೆ ಕಳಿಸಿ ಅಗಲಿಸಿದನು. 1986ರಲ್ಲಿ ಇಟಲಿಯ ವೈದ್ಯರು ಹನ್ನೊಂದು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ಹೆಪ್ಪನ್ನು ಕರಗಿಸುವ ಔಷಧವನ್ನು ಪರೀಕ್ಷಿಸಿ, ನೋವು ಮೊದಲಾದ ಒಂದು ಗಂಟೆಯೊಳಗೆ ಅದನ್ನು ಪಡೆದವರಿಗೆ ಅತ್ಯಧಿಕ ಲಾಭವೆಂದೂ, ಹೊತ್ತು ಕಳೆದಂತೆಲ್ಲ ಲಾಭವು ಕುಗ್ಗುವುದೆಂದೂ ಕಂಡುಕೊಂಡರು. ನಾಳವು ಮುಚ್ಚಿದಾಗ ಹೃದಯದ ಸ್ನಾಯುವು ಒಮ್ಮೆಲೇ ಸಾಯುವುದಿಲ್ಲ. ಬತ್ತುವ ಕೆರೆಯಲ್ಲಿ ಮೀನುಗಳು ಸಾಯುವಂತೆ ಒಂದು ಅಂಚಿನಿಂದ ಮೊದಲಾಗಿ ಕೆಲವು ಗಂಟೆಗಳಲ್ಲಿ ಸಾಯುತ್ತ ಹೋಗುತ್ತದೆ. ಸತ್ತ ಭಾಗವು ಮತ್ತೆ ಹುಟ್ಟದು.

ಹೀಗೆ ಉಪಾಯವು ಹುಟ್ಟಿದೊಡನೆ ಮೌನದ ಬೆಲೆಯೂ ಬದಲಾಯಿತು. ಜೆನ್ನರನ ಕಾಲದಲ್ಲಿ ದಯೆಯಾಗಿದ್ದುದು ಈಗ ದಯೆಯಲ್ಲ. ಕರ್ನಾಟಕದಲ್ಲಿ ಚಿತ್ರನಟ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡಾಗ ನಾಡೆಲ್ಲ ತಲ್ಲಣಿಸಿತು. ಅವರ ಹೆಸರಿನಲ್ಲಿ ರಾಜ್ಯ ಸರಕಾರವು 2023ರ ನವೆಂಬರಿನಲ್ಲಿ 'ಹೃದಯ ಜ್ಯೋತಿ' ಯೋಜನೆಯನ್ನು ಆರಂಭಿಸಿತು. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವಿನವರ ಇ.ಸಿ.ಜಿ. ತೆಗೆದು, ಅದನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಂತಿಯಿಲ್ಲದ ಯಂತ್ರದ ಮೂಲಕ ಕೆಲವೇ ನಿಮಿಷಗಳಲ್ಲಿ ಕಳಿಸಿ, ಅವರು ಹೌದೆಂದರೆ ಹೆಪ್ಪನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಅದು. ಬಾಗಲಕೋಟೆಯಲ್ಲಿಯೇ ವೈದ್ಯಕೀಯ ಕಾಲೇಜೂ ಅದರ ದೊಡ್ಡ ಆಸ್ಪತ್ರೆಯೂ ಇವೆ. 108 ಎಂದು ಕರೆದರೆ ಗಾಡಿ ಬರುತ್ತದೆ. ಆದರೆ ಈ ಎಲ್ಲ ಸಲಕರಣೆಗೂ ಮೊದಲು ಒಂದು ಮಾತು ಬೇಕು: ರೋಗಿಯು ತನಗೆ ಹೀಗಾಗುತ್ತಿದೆಯೆಂದು ಬಾಯಿಬಿಡಬೇಕು. ಇಳಕಲ್ಲಿನಿಂದ ಬಾಗಲಕೋಟೆಗೆ ಒಂದು ಗಂಟೆಗೂ ಮಿಕ್ಕ ದಾರಿ. ಹೇಳಬೇಕೋ ಬೇಡವೋ ಎಂದು ಹಾಸಿಗೆಯ ಮೇಲೆ ಹೊರಳುವ ದಾರಿಯು ಅದಕ್ಕಿಂತ ಎಷ್ಟೋ ಉದ್ದವಾದದ್ದು.

ಇದಕ್ಕೆ ಸಾಮಾನ್ಯವಾದ ಸಮಾಧಾನವೊಂದಿದೆ: 'ಎದೆಯಲ್ಲಿ ನೋವಾದುದೆಲ್ಲ ಹೃದಯದ್ದೇ ಆಗಬೇಕೆ? ಅಜೀರ್ಣವಿರಬಾರದೆ?' ಇರಬಹುದು, ಬಹಳ ಸಲ ಇರುತ್ತದೆ. ಆದರೆ ಯಾವುದು ಯಾವುದೆಂದು ನಿರ್ಣಯಿಸುವವರು ಯಾರು? ಅನುಭವಿಯಾದ ಡಾಕ್ಟರರು ಕೂಡ ಮುಖವನ್ನು ನೋಡಿ ಹೇಳುವ ಸಾಹಸವನ್ನು ಮಾಡುವುದಿಲ್ಲ. ಇ.ಸಿ.ಜಿ. ತೆಗೆಯುತ್ತಾರೆ, ಮೊದಲನೆಯದು ಸರಿಯಾಗಿದ್ದರೂ ಸಂಶಯವಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ತೆಗೆಯುತ್ತಾರೆ, ಗಾಯಗೊಂಡ ಹೃದಯವು ರಕ್ತಕ್ಕೆ ಬಿಡುವ ಟ್ರೋಪೋನಿನ್ ಎಂಬ ದ್ರವ್ಯವನ್ನು ಅಳೆದು ನೋಡುತ್ತಾರೆ. ಇಷ್ಟೆಲ್ಲ ಮಾಡಿ ಅವರು ನುಡಿಯಲು ಅಂಜುವ ತೀರ್ಪನ್ನು ಮನೆಯ ಯಜಮಾನನು ಒಂದು ಚಿಟಿಕೆ ಅಜಿವಾನವನ್ನು ಬಾಯಿಗೆ ಹಾಕಿಕೊಂಡು ನುಡಿದುಬಿಡುತ್ತಾನೆ. ತಾಳ್ಮೆಯೆಂದು ತೋರುವ ಈ ನಡತೆಯ ಒಳಗೆ ಸಣ್ಣದೊಂದು ಅಹಂಕಾರವು ಅಡಗಿಲ್ಲವೆ? 'ನನಗೆ ಅಂಥದು ಬಾರದು' ಎಂಬ ನಂಬಿಕೆಗೆ ಆಧಾರವೇನು? 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಎಂಬ ಪರಿಶೋಧನೆಯನ್ನು ಮುಂದುವರಿಸಿ ನೋಡಿದಾಗ, ಭಾರತ ಮತ್ತು ಅದರ ನೆರೆಯ ದೇಶಗಳವರಿಗೆ ಮೊದಲ ಹೃದಯಾಘಾತವು ಸುಮಾರು 53ನೆಯ ವಯಸ್ಸಿನಲ್ಲಿಯೂ, ಬೇರೆ ದೇಶದವರಿಗೆ ಸುಮಾರು 59ನೆಯ ವಯಸ್ಸಿನಲ್ಲಿಯೂ ಬರುತ್ತದೆಂಬುದು ಕಂಡಿತು. ಮುಪ್ಪಿನ ರೋಗವೆಂದು ಅದನ್ನು ದೂರವಿಡುವ ಹಕ್ಕು ಇಲ್ಲಿಯವರಿಗೆ ಇತರರಿಗಿಂತಲೂ ಕಡಿಮೆ.

ಹೃದಯವು ಕೊಡುವ ಸೂಚನೆಗಳು ನಾಟಕದಲ್ಲಿ ಕಾಣುವಂತೆ ಎದೆಯನ್ನು ಹಿಡಿದು ಬೀಳುವ ರೀತಿಯವೇ ಆಗಿರುವುದಿಲ್ಲ. ಎದೆಯ ನಡುವಿನ ಭಾರ, ಹಿಂಡಿದಂತೆ ಅಥವಾ ಉರಿದಂತೆ ಆಗುವುದು. ಅದು ತೋಳಿಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿನ ಹಲಗೆಗಳ ನಡುವೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು. ತಣ್ಣನೆಯ ಬೆವರು, ಏದುಸಿರು, ಓಕರಿಕೆ, ತಲೆ ತಿರುಗುವುದು. ನಿನ್ನೆ ಹೊತ್ತ ಕೊಡವನ್ನು ಇಂದು ಹೊರಲಾರದಂಥ, ಕಾರಣವೇ ತಿಳಿಯದ ಆಯಾಸ. ಇವುಗಳಲ್ಲಿ ಒಂದೆರಡೇ ಬರಬಹುದು. ಹೆಂಗಸರಲ್ಲಿ, ಮುದುಕರಲ್ಲಿ, ಬಹುಕಾಲದಿಂದ ಸಕ್ಕರೆಯ ಕಾಯಿಲೆಯುಳ್ಳವರಲ್ಲಿ ನೋವು ಮಂದವಾಗಿದ್ದು ಆಯಾಸ ಮತ್ತು ಏದುಸಿರುಗಳೇ ಮುಂದಾಗಬಹುದು. ಸಕ್ಕರೆಯ ಕಾಯಿಲೆಯು ನರಗಳನ್ನು ಮಂಕುಗೊಳಿಸುವುದರಿಂದ ಕೆಲವರಿಗೆ ನೋವೇ ಇಲ್ಲದಿರುವುದೂ ಉಂಟು. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟಿ ಎದ್ದು ಕುಳಿತುಕೊಳ್ಳಬೇಕಾಗುವುದು, ಸಂಜೆಗೆ ಕಾಲು ಬಾವುವುದು, ಎದೆಯು ಒಮ್ಮೆಲೇ ತಾಳ ತಪ್ಪಿ ಬಡಿದು ಕಣ್ಣಿಗೆ ಕತ್ತಲೆ ಬರುವುದು, ಇವೂ ಹೃದಯದ ಮಾತುಗಳೇ. ಶ್ರಮದಲ್ಲಿ ಬಂದು ವಿಶ್ರಾಂತಿಯಲ್ಲಿ ಹೋಗುವ ಬಿಗಿತವು ಕೆಲದಿನಗಳಲ್ಲಿಯೇ ಡಾಕ್ಟರರಲ್ಲಿಗೆ ಹೋಗಲು ಹೇಳುವ ಎಚ್ಚರಿಕೆ. ಸುಮ್ಮನೆ ಕುಳಿತಾಗಲೂ ಬಂದು ಹತ್ತು ನಿಮಿಷವಾದರೂ ಬಿಡದ ಬಿಗಿತವು ಅದೇ ಕ್ಷಣ ಗಾಡಿಯನ್ನು ಕರೆಯಬೇಕಾದ ಅಪಾಯ. ಅಂಥ ಹೊತ್ತಿನಲ್ಲಿ ತಾನೇ ಮೋಟಾರುಬೈಕು ಹತ್ತಿ ಹೊರಡುವುದು ಧೈರ್ಯವಲ್ಲ. ದಾರಿಯಲ್ಲಿ ಹೋಗುವ ಇತರರ ಪ್ರಾಣಕ್ಕೂ ಅದು ಸಂಚಕಾರ.

ಈ ದೇಶದ ಹಳೆಯ ವೈದ್ಯಶಾಸ್ತ್ರವು ಸಹನೆಯನ್ನು ಹೊಗಳಿ ದೇಹವನ್ನು ಕಡೆಗಣಿಸಿತೆಂದು ಯಾರಾದರೂ ತಿಳಿದಿದ್ದರೆ ಅವರು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನು ನೋಡಬೇಕು. ತಡೆಯಬಾರದ ವೇಗಗಳು ಹದಿಮೂರೆಂದು ಅಲ್ಲಿ ಹೇಳಿದೆ: ಹಸಿವು, ಬಾಯಾರಿಕೆ, ನಿದ್ರೆ, ಸೀನು ಮುಂತಾದವು. ಅವುಗಳ ಸಾಲಿನಲ್ಲಿ ಕಣ್ಣೀರೂ ಇದೆ. ಶ್ರಮದಿಂದ ಬರುವ ಏದುಸಿರೂ ಇದೆ. ಒಂದೊಂದು ವೇಗವನ್ನು ತಡೆದರೆ ಯಾವ ಯಾವ ರೋಗ ಬರುವುದೆಂದು ಹೇಳುತ್ತ ಹೋಗುವ ಆಚಾರ್ಯನು ಕಣ್ಣೀರನ್ನು ತಡೆದರೆ ಬರುವವುಗಳಲ್ಲಿ ಹೃದ್ರೋಗವನ್ನು ಎಣಿಸುತ್ತಾನೆ. ಏದುಸಿರನ್ನು ತಡೆದರೆ ಬರುವವುಗಳಲ್ಲಿಯೂ ಹೃದ್ರೋಗವನ್ನು ಎಣಿಸುತ್ತಾನೆ. ಇಂದಿನ ಶಾಸ್ತ್ರವು ಕಾರಣಗಳ ಕ್ರಮವನ್ನು ಬೇರೆ ರೀತಿಯಲ್ಲಿ ಹೇಳುವುದು ಸರಿಯೇ. ಏದುಸಿರು ರೋಗದ ಮೂಲವಲ್ಲ, ಗುರುತು. ಆದರೂ ಅದನ್ನು ಇತರರಿಗೆ ಕಾಣದಂತೆ ಅದುಮುವುದು ಕೇಡೆಂಬ ಮಾತು ಅಂದಿಗೂ ಇಂದಿಗೂ ಒಂದೇ. ಕಣ್ಣೀರಿನ ವಿಷಯದಲ್ಲಿಯೂ ಅದು ಬರಿಯ ಕವಿಕಲ್ಪನೆಯಲ್ಲ. ತೀವ್ರವಾದ ದುಃಖದ ಪೆಟ್ಟಿಗೆ, ನಾಳಗಳು ತೆರೆದಿದ್ದರೂ, ಹೃದಯವು ಹಠಾತ್ತಾಗಿ ದುರ್ಬಲವಾಗಿ ಮಡಕೆಯಂತೆ ಉಬ್ಬುವುದನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿ, ಮೀನುಗಾರರು ಆಕ್ಟೋಪಸ್ ಹಿಡಿಯಲು ನೀರಿಗಿಳಿಸುವ ಮಡಕೆಯ ಹೆಸರನ್ನೇ ಅದಕ್ಕೆ ಇಟ್ಟರು. ಆಲಮಟ್ಟಿಯ ಹಿನ್ನೀರಿಗೆ ಓಣಿ, ಮನೆ, ಅಂಗಡಿಗಳನ್ನು ಒಪ್ಪಿಸಿ ನವನಗರಕ್ಕೆ ನಡೆದ ಹಳೆಯ ಬಾಗಲಕೋಟೆಯವರಲ್ಲಿ ಎಷ್ಟು ಜನರು ಅತ್ತರು, ಎಷ್ಟು ಜನರು ಮಕ್ಕಳ ಮುಂದೆ ಅಳಬಾರದೆಂದು ತಡೆದುಕೊಂಡರು ಎಂಬ ಲೆಕ್ಕವನ್ನು ಯಾವ ಕಚೇರಿಯೂ ಇಡಲಿಲ್ಲ.

ಅದೇ ಅಧ್ಯಾಯದಲ್ಲಿ ಚರಕನು ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾನೆ: ಲೋಭ, ಶೋಕ, ಭಯ, ಕ್ರೋಧ, ಅಭಿಮಾನ ಮೊದಲಾದವು. ಇದನ್ನು ಮರೆತರೆ ವಾದವು ಇನ್ನೊಂದು ಮಗ್ಗುಲಿಗೆ ಉರುಳುತ್ತದೆ. ಭಯವನ್ನು ತಡೆಯದಿದ್ದರೆ ಏನಾಗುವುದೆಂಬುದು 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಕಂಡಿತು. ಆ ವರ್ಷದ ಮೇ, ಜೂನ್ ತಿಂಗಳುಗಳಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನರು, ಅವರಲ್ಲಿ ಕೆಲವರು ಎಳೆಯ ಪ್ರಾಯದವರು, ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹರಡಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುನ್ನವೇ ಆರೋಗ್ಯವಂತರ ಸಾಲು ನಿಂತಿತು. ನಿಜವಾದ ರೋಗಿಗೆ ದಾರಿ ಸಿಗದಂಥ ಸಾಲು ಅದು. ಸರಕಾರವು ನೇಮಿಸಿದ ತಜ್ಞರ ಸಮಿತಿಯು ವಿಚಾರಿಸಿ, ಹೊಸದಾದ ಯಾವುದೋ ಒಂದು ನಿಗೂಢ ಕಾರಣವು ಕಾಣಲಿಲ್ಲವೆಂದೂ, ಸಕ್ಕರೆಯ ಕಾಯಿಲೆ, ರಕ್ತದೊತ್ತಡ, ಧೂಮಪಾನ ಮುಂತಾದ ಹಳೆಯ ಕಾರಣಗಳೇ ಹೆಚ್ಚಿನವರಲ್ಲಿ ಇದ್ದವೆಂದೂ ಹೇಳಿತು. ದಿನಕ್ಕೆ ಹತ್ತು ಸಲ ನಾಡಿಯನ್ನು ಮುಟ್ಟಿ ನೋಡಿಕೊಳ್ಳುವವನು ಬದುಕನ್ನು ಕಾಪಾಡಿಕೊಂಡನೆಂದು ಹೇಳಲಾಗದು. ಅವನು ಸಾವನ್ನು ದಿನಕ್ಕೆ ಹತ್ತು ಸಲ ಮನೆಗೆ ಕರೆಯುತ್ತಾನೆ. ಆದರೆ ಒಂದು ಮಾತನ್ನು ಗಮನಿಸಬೇಕು. ಭೀತನೂ ನಿರ್ಲಕ್ಷ್ಯದವನೂ ಒಂದೇ ತಪ್ಪನ್ನು ಮಾಡುತ್ತಾರೆ: ಇಬ್ಬರೂ ದೇಹವು ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವುದಿಲ್ಲ. ಒಬ್ಬನು ತನ್ನ ಅಂಜಿಕೆಯನ್ನು ಕೇಳುತ್ತಾನೆ. ಇನ್ನೊಬ್ಬನು ತನ್ನ ಅಭಿಮಾನವನ್ನು ಕೇಳುತ್ತಾನೆ.

ಮೌನಕ್ಕೆ ಎಲ್ಲರಲ್ಲಿಯೂ ಅಭಿಮಾನವೇ ಕಾರಣವೆಂದರೆ ಅನ್ಯಾಯವಾದೀತು. ಹುನಗುಂದದ ಸೀಮೆಯ ಕಲ್ಲುಗಣಿಯ ಕೂಲಿಕಾರನಿಗೆ ಒಂದು ದಿನದ ಆಸ್ಪತ್ರೆಯೆಂದರೆ ಒಂದು ದಿನದ ಕೂಲಿ ಹೋಯಿತು. ಏನೂ ಇಲ್ಲವೆಂದು ಹೇಳಿ ಕಳಿಸಿದರೆ ಆ ಕೂಲಿಯು ಸುಮ್ಮನೆ ಹೋಯಿತೆಂಬ ಸಂಕಟ. ಏನೋ ಇದೆಯೆಂದರೆ ಅದಕ್ಕಿಂತಲೂ ದೊಡ್ಡ ಸಂಕಟ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುವ ತಾಯಿಯು ಎಲ್ಲರ ನೋವಿನ ಸರದಿಯಾದ ಮೇಲೆ ತನ್ನದನ್ನು ಹೇಳುತ್ತಾಳೆ. ಸರದಿಯು ಬಾರದಿದ್ದರೆ ಹೇಳುವುದೇ ಇಲ್ಲ. ಒಮ್ಮೆ ಧೈರ್ಯ ಮಾಡಿ ಹೇಳಿದಾಗ, "ಅವ್ವಾ, ನಿನ್ನೆ ರೊಟ್ಟಿ ಬಡಿದಿಯಲ್ಲ, ಅದಕ್ಕ ತೋಳು ನೋಯತಾವು" ಎಂದು ಮಗನು ನಕ್ಕರೆ, ಎರಡನೆಯ ಸಲ ಆಕೆ ಬಾಯಿ ತೆರೆಯುವಳೆ? ಇಲ್ಲಿ ಮೌನದ ಹೊಣೆಯು ಮೌನವಾಗಿದ್ದವಳದು ಮಾತ್ರವಲ್ಲ. ಸುಳ್ಳು ಗಂಟೆಯೆಂದು ನಗುವವರು ನಿಜವಾದ ಗಂಟೆಯ ನಾಲಗೆಯನ್ನು ಕಿತ್ತವರಾಗುತ್ತಾರೆ. ರಾತ್ರಿ ಆಸ್ಪತ್ರೆಗೆ ಓಡಿ, ಅಜೀರ್ಣವೆಂದು ತಿಳಿದು ಬೆಳಿಗ್ಗೆ ಮನೆಗೆ ಮರಳಿದವನು ನಾಚಿಕೆಪಡಬೇಕಾದುದೇನೂ ಇಲ್ಲ. ನೆರೆಯವರು ಅವನನ್ನು ನಗದೆ, ಚಹಕ್ಕೆ ಕರೆದು ಕೂಡಿಸಿಕೊಂಡರೆ, ಅದೇ ಓಣಿಯ ಇನ್ನೊಬ್ಬನು ಮುಂದೊಂದು ರಾತ್ರಿ ಬದುಕಿಕೊಂಡಾನು.

ನಾಚಿಕೆಯನ್ನು ಬಿಟ್ಟು ನಾಲ್ವರ ಮುಂದೆ ಹೇಳಿಕೊಳ್ಳುವ ಪದ್ಧತಿಯನ್ನು ಈ ಜಿಲ್ಲೆಯು ಅರಿಯದುದಲ್ಲ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು 1975ರಿಂದ ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಊರೂರು ತಿರುಗಿ, ಧಾನ್ಯವನ್ನಲ್ಲ, ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಬೀಡಿ, ತಂಬಾಕು, ಸೆರೆಯ ಚಟವುಳ್ಳವರು ಜನರೆದುರಿಗೆ ಅವನ್ನು ಆ ಜೋಳಿಗೆಗೆ ಹಾಕಿ, ಇನ್ನು ಮುಟ್ಟೆವೆಂದು ಮಾತು ಕೊಟ್ಟರು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ತಂಬಾಕನ್ನು ಬಿಡಿಸಿದವರು ಹೃದಯದ ದೊಡ್ಡ ಶತ್ರುವೊಂದನ್ನು ಬಿಡಿಸಿದರೆಂಬುದು ಹಾಗಿರಲಿ. ಆ ಜೋಳಿಗೆಯ ಹೆಚ್ಚಳವು ಬೇರೊಂದು ಕಡೆಗಿತ್ತು. ಒಬ್ಬನು ತನ್ನೊಳಗೆ ಮುಚ್ಚಿಟ್ಟುಕೊಂಡದ್ದನ್ನು ಅವಮಾನವಿಲ್ಲದೆ ಹೊರಗಿಡಲು ಅದು ಒಂದು ಸ್ಥಳವನ್ನು ಒದಗಿಸಿತು. ನೋವಿಗೆ ಅಂಥ ಜೋಳಿಗೆಯು ಮನೆಯ ಪಡಸಾಲೆಯಲ್ಲಿಯೇ ಇರಬೇಕಾದದ್ದು. ಶರಣರ ಕಥೆಯಲ್ಲಿ ಆಯ್ದಕ್ಕಿ ಮಾರಯ್ಯನು ಹವಣನ್ನು ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಅದು ಸಲ್ಲದೆಂದು ತಡೆದವಳು ಲಕ್ಕಮ್ಮ. ಕಾಯಕದ ಹೆಸರಿನಲ್ಲಿಯೂ ಗಂಡನು ಎಲ್ಲೆಯನ್ನು ದಾಟುವುದನ್ನು ಕಂಡು ಹೇಳುವ ಹಕ್ಕು ಮಡದಿಗೆ ಉಂಟೆಂಬುದನ್ನು ಕೂಡಲಸಂಗಮದ ಈ ಸೀಮೆಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಕೇಳಿದವಳಿಗೆ 'ಒಳಗ ಹೋಗು' ಎಂಬ ಉತ್ತರ ಸಿಕ್ಕಿದಾಗ ಆಕೆ ಒಳಗೆ ಹೋಗಬೇಕಾಗಿರಲಿಲ್ಲ.

ಬಾದಾಮಿಯ ಮೆಟ್ಟಿಲ ಮೇಲೆ ನಿಂತ ಹಿರಿಯರನ್ನು ಮನೆಯವರು ಹೇಗೋ ಒಪ್ಪಿಸಿ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದರೆಂದು ತಿಳಿಯಿರಿ. ಡಾಕ್ಟರರು ಯಂತ್ರವನ್ನು ಹಚ್ಚುವ ಮುನ್ನ ಕೆಲವು ಸಣ್ಣ ಪ್ರಶ್ನೆಗಳನ್ನು ಕೇಳುತ್ತಾರೆ. ಎಷ್ಟು ಮೆಟ್ಟಿಲು ಹತ್ತಿದ ಮೇಲೆ ಹಿಡಿದುಕೊಂಡಿತು? ನಿಂತ ಮೇಲೆ ಎಷ್ಟು ಹೊತ್ತಿಗೆ ಬಿಟ್ಟಿತು? ಹೋದ ವರ್ಷವೂ ಅಲ್ಲಿಯೇ ನಿಂತಿದ್ದರೋ, ಅಥವಾ ಇದು ಈಚಿನದೋ? ಹಿರಿಯರು ಎಂದಿನಂತೆ, "ಏನಿಲ್ಲ ಸಾಹೇಬ್ರ, ಕೆರಿ ನೋಡಾಕ ನಿಂತಿದ್ದೆ" ಎನ್ನುತ್ತಾರೆ. ಆಗ ಕುರ್ಚಿಯ ಹಿಂದೆ ನಿಂತ ಹತ್ತು ವರ್ಷದ ಮೊಮ್ಮಗನು ಹೇಳುತ್ತಾನೆ: ಹೋದ ಸಲ ಅಜ್ಜ ಎಲ್ಲಿಯೂ ನಿಲ್ಲಲಿಲ್ಲ, ಈ ಸಲ ಬನಶಂಕರಿಯಲ್ಲಿ ಎರಡು ಸಲ, ಗುಡ್ಡದ ಮೇಲೆ ಮೂರು ಸಲ ನಿಂತ, ಮೂರನೆಯ ಸಲ ನಿಂತಲ್ಲಿಂದ ಕೆರೆ ಕಾಣುತ್ತಿರಲಿಲ್ಲ.